ಕಾಯಿಲೆಯಿಲ್ಲದ ಪೇಷಂಟಮ್ಮ

ಬೆಳಗಿನ ಆರೂವರೆ. ಕಾಲೇಜಿನ ಹಿಂಭಾಗದ ಕಟ್ಟಡದಲ್ಲಿ ಒಂದೇ ಒಂದು ಕೋಣೆಯ ದೀಪ ಹೊತ್ತಿದೆ. ಒಳಗೆ ನಾಲ್ಕು ಕಬ್ಬಿಣದ ಮಂಚ, ಎರಡು ಗಾಲಿಕುರ್ಚಿ, ಗೋಡೆಗೆ ಒರಗಿಸಿದ ಒಂದು ವಾಕರ್. ಕಿಟಕಿ ಪಕ್ಕದ ಮಂಚದ ಬಳಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಚಪ್ಪಲಿ ಬಿಡುತ್ತಾರೆ, ಕನ್ನಡಕ ತೆಗೆದು ಡಬ್ಬಿಯಲ್ಲಿ ಇಡುತ್ತಾರೆ, ಬೇಡದ ದಿಂಬನ್ನು ಪಕ್ಕದ ಮಂಚಕ್ಕೆ ಎಸೆದು ಅಂಗಾತ ಮಲಗುತ್ತಾರೆ. ಗಂಟಲು ಸರಿಮಾಡಿಕೊಂಡು ಬಾಗಿಲ ಕಡೆ ಮುಖಮಾಡಿ ಕೂಗುತ್ತಾರೆ: "ಬನ್ರಪ್ಪಾ, ಇವತ್ತು ನನಗೆ ಎಡಗಡೆ ಬಿದ್ದುಹೋಗಿದೆ!"

ನಿನ್ನೆ ಸೊಂಟ ಮುರಿದಿತ್ತಂತೆ. ನಾಳೆ ಏನೆಂದು ಟೀಚರ್ ಇನ್ನೂ ಹೇಳಿಲ್ಲ.

ತಲೆ ಇನ್ನೂ ಒದ್ದೆ ಇರುವ, ಆಕಳಿಕೆ ಮುಗಿಯದ ಹನ್ನೊಂದು ಮಂದಿ ಒಳಗೆ ಬರುತ್ತಾರೆ. ಹೋಮ್ ನರ್ಸಿಂಗ್ ಕೋರ್ಸ್ ಸೇರಿ ಅವರಿಗಿದು ಎರಡನೇ ವಾರ. ಮೊದಲ ಸರದಿಯ ಹುಡುಗಿ ಮಂಚದ ಹತ್ತಿರ ಬಂದವಳೇ ಮಲಗಿದವರ ಹೆಗಲ ಕೆಳಗೆ ಕೈ ತೂರಿಸಿ ಎಳೆಯುತ್ತಾಳೆ. ಮಲಗಿದವರು ಒಂದಿಂಚೂ ಕದಲುವುದಿಲ್ಲ.

"ಅಮ್ಮಾ, ಸ್ವಲ್ಪ ಏಳ್ತೀರಾ?"

"ಎಡಗಡೆ ಬಿದ್ದುಹೋಗಿದೆ ಅಂದ್ನಲ್ಲಮ್ಮ. ಏಳೋಕೆ ಆಗಿದ್ರೆ ನಿನ್ನನ್ಯಾಕೆ ಕರೀತಿದ್ದೆ, ಕಾಫಿ ಕುಡಿಯೋಕಾ?"

ಎಲ್ಲರೂ ನಗುತ್ತಾರೆ. ಹುಡುಗಿಯೂ ನಗುತ್ತಾಳೆ. ಆಮೇಲೆ ಪೇಷಂಟಮ್ಮ ದನಿ ತಗ್ಗಿಸುತ್ತಾರೆ. "ಕೈ ಹಾಕೋಕೆ ಮುಂಚೆ ಏನು ಮಾಡ್ತೀನಿ ಅಂತ ಬಾಯಿಬಿಟ್ಟು ಹೇಳು ಪುಟ್ಟಾ. ಇಲ್ದಿದ್ರೆ ಕಳ್ಳರು ಕೈ ಹಾಕಿದ ಹಾಗಿರುತ್ತೆ."

ಪೇಷಂಟಮ್ಮ ಅನ್ನುವುದು ವಿದ್ಯಾರ್ಥಿಗಳು ಇಟ್ಟ ಹೆಸರು. ಸಂಬಳದ ಚೀಟಿಯಲ್ಲಿ ಇವರ ಹುದ್ದೆ ಇಂದಿಗೂ 'ಸಹಾಯಕಿ'. ಯಾವ ಕೆಲಸಕ್ಕೆ ಸಹಾಯಕಿ ಎಂದು ಕೇಳಿದರೆ ಕಚೇರಿಯವರೂ ತಲೆ ಕೆರೆದುಕೊಳ್ಳುತ್ತಾರೆ.

ಇದು ದೊಡ್ಡ ಪದವಿ ಕೊಡುವ ಕಾಲೇಜಲ್ಲ. ಬದುಕಿನ ನಡುವೆ ಹೊಸ ಕೆಲಸ ಹುಡುಕುವವರಿಗೆ, ಶಾಲೆ ಅರ್ಧಕ್ಕೆ ಬಿಟ್ಟವರಿಗೆ ಮೊದಲ ಪಾಠ ಹೇಳಿಕೊಡುವ ಜಾಗ. ಒಂದು ಬಾಗಿಲಿನ ಮೇಲೆ ವೈರಿಂಗ್, ಇನ್ನೊಂದರ ಮೇಲೆ ಕೊಳಾಯಿ ಕೆಲಸ, ಮಹಡಿಯಲ್ಲಿ ಚಿತ್ರಕಲೆ, ಅದರ ಎದುರು ಕೂದಲು ಕತ್ತರಿಸುವ ತರಗತಿ, ಕೊನೆಯ ಕೋಣೆಯಲ್ಲಿ ಆಪ್ತ ಸಮಾಲೋಚನೆ. ಎಲ್ಲ ಕಡೆಯೂ ಕಲಿಸುವುದು ಮೊದಲ ಹಂತವನ್ನಷ್ಟೇ. ವೈರಿಂಗ್‌ನವರಿಗೆ ಹಲಗೆಗೆ ಬಡಿದ ಸ್ವಿಚ್ಚುಗಳಿವೆ, ಕೊಳಾಯಿಯವರಿಗೆ ಹಳೆಯ ನಲ್ಲಿಗಳಿವೆ. ಮನುಷ್ಯರ ಮೇಲೆ ಕೈಯಿಟ್ಟು ಕಲಿಯುವವರಿಗೆ ಇರುವುದು ಪೇಷಂಟಮ್ಮ.

ಬೆಳಿಗ್ಗೆ ಅವರು ರೋಗಿ. ವಾರಕ್ಕೆರಡು ದಿನ ಮಹಡಿಯಲ್ಲಿ ಚಿತ್ರಕಲೆಯವರ ಮುಂದೆ ಸ್ಟೂಲಿನ ಮೇಲೆ ಅಲುಗಾಡದೆ ಕೂರುತ್ತಾರೆ. ತಿಂಗಳಿಗೊಮ್ಮೆ ಕತ್ತರಿ ಹಿಡಿದು ವಾರವೂ ಆಗದವರ ಮುಂದೆ ತಲೆ ಬಗ್ಗಿಸುತ್ತಾರೆ. ಒಮ್ಮೆ ಒಂದು ಕಿವಿಯ ಮೇಲೆ ಕೂದಲಿತ್ತು, ಇನ್ನೊಂದರ ಮೇಲೆ ಇರಲಿಲ್ಲವಂತೆ. "ಎರಡು ವಾರ ಒಂದೇ ಕಡೆ ಮುಖ ತಿರುಗಿಸ್ಕೊಂಡು ಓಡಾಡಿದೆ," ಎನ್ನುತ್ತಾರೆ.

ಗುರುವಾರ ಸಮಾಲೋಚನೆಯ ತರಗತಿ. ಅಲ್ಲಿ ಟೀಚರ್ ಹೇಳಿಕೊಟ್ಟ ಕಷ್ಟವನ್ನು ತಮ್ಮದೇ ಎಂಬಂತೆ ಹೇಳಿಕೊಳ್ಳಬೇಕು. ಎದುರಿಗೆ ಕೂತ ವಿದ್ಯಾರ್ಥಿ ಕೇಳಿಸಿಕೊಳ್ಳುವುದನ್ನು ಕಲಿಯಬೇಕು. ಹೊಸಬರಿಗೆ ಅದೇ ಕಷ್ಟ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಬುದ್ಧಿ ಹೇಳಲು ಶುರುಮಾಡುತ್ತಾರೆ. "ಉಪದೇಶ ಶುರುವಾಯ್ತು ಅಂದ್ರೆ ನಾನು ಬಾಯಿ ಮುಚ್ಕೋಬೇಕು, ಟೀಚರ್ ಹಾಗೇ ಹೇಳಿದಾರೆ. ಒಬ್ಬ ಇದ್ದ, ಪೂರ್ತಿ ಅರ್ಧ ಗಂಟೆ ಅವನೊಬ್ಬನೇ ಮಾತಾಡಿದ. ನಂಗೆ ಒಳ್ಳೆ ರೆಸ್ಟು."

ಈ ಕೆಲಸಕ್ಕೆಂದು ಅವರು ಇಲ್ಲಿಗೆ ಬಂದವರಲ್ಲ. ಇಲ್ಲಿಗೆ ಬರುವ ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದರು. ನಿಂತೇ ಮಾಡುವ ಕೆಲಸ. ಬಲಗೈಯ ಒಳಭಾಗದಲ್ಲಿ ಆ ದಿನಗಳ ಸುಟ್ಟ ಗೆರೆಗಳು ಇವತ್ತಿಗೂ ಕಾಣುತ್ತವೆ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಈ ಕಾಲೇಜಿಗೆ ಕಸ ಗುಡಿಸಲು ಸೇರಿದರು. ಒಂದು ಬೆಳಿಗ್ಗೆ ಮಂಚಗಳ ಕೆಳಗೆ ಒರೆಸುತ್ತಿದ್ದಾಗ ಹೋಮ್ ನರ್ಸಿಂಗ್ ಟೀಚರ್, "ಒಂದೈದು ನಿಮಿಷ ಮಲ್ಕೊಳ್ತೀರಾ?" ಎಂದು ಕೇಳಿದರು. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಎತ್ತಿ ಅಭ್ಯಾಸ ಮಾಡುವಾಗ ಕಿಸಿಕಿಸಿ ನಗುತ್ತಾರೆ, ಎತ್ತಿಸಿಕೊಳ್ಳುವವರು ತಾವೇ ಅರ್ಧ ಎದ್ದುಬಿಡುತ್ತಾರೆ, ಅದರಿಂದ ಏನೂ ಕಲಿತಂತಾಗುವುದಿಲ್ಲ ಎನ್ನುವುದು ಟೀಚರರ ತಕರಾರು.

"ಅಷ್ಟು ವರ್ಷದಲ್ಲಿ ಹಗಲು ಹೊತ್ತು ನನ್ನನ್ನ ಮಲ್ಕೊಳ್ಳಿ ಅಂದವರು ಅವರೊಬ್ಬರೇ," ಎಂದು ಪೇಷಂಟಮ್ಮ ನಗುತ್ತಾರೆ. "ಮಲ್ಕೊಂಡೆ. ನಿಜವಾಗ್ಲೂ ನಿದ್ದೆ ಬಂದ್ಬಿಡ್ತು. ಎಚ್ಚರ ಆದಾಗ ಗಾಲಿಕುರ್ಚಿ ಮೇಲೆ ಕೂತಿದ್ದೆ."

ಟೀಚರ್ ಹೇಳುವುದು ಬೇರೆ. "ಅವರು ಮೈ ಬಿಟ್ಟು ಮಲಗ್ತಾರೆ. ಬೇರೆ ಯಾರಿಗೂ ಅದು ಬರಲ್ಲ. ನಾನೇ ಪ್ರಯತ್ನ ಮಾಡಿ ನೋಡಿದೀನಿ, ಯಾರಾದ್ರೂ ಎತ್ತೋಕೆ ಬಂದ್ರೆ ತಾನಾಗೇ ಬೆನ್ನು ಬಿಗಿಯಾಗುತ್ತೆ. ಇವರು ಹಾಸಿಗೆ ಹಿಡಿದವರ ಹಾಗೇ ಭಾರ ಆಗ್ತಾರೆ."

ಆ ಭಾರವನ್ನು ಪೇಷಂಟಮ್ಮ ಮನೆಯಲ್ಲೇ ಕಂಡವರು. ಅವರ ಗಂಡ ಲಕ್ವ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಕಾರ್ಖಾನೆಯ ಪಾಳಿಗೆ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಹೆಂಡತಿಯೇ ಅವರನ್ನು ಹೊರಳಿಸಿ, ಒರೆಸಿ, ಬಟ್ಟೆ ಬದಲಿಸಬೇಕಿತ್ತು. ಹೇಗೆ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. "ತೋಳು ಹಿಡಿದು ಎಳೀತಿದ್ದೆ. ಅವರ ಹೆಗಲು ಕೀಲು ಬಿಟ್ಟು ಊದ್ಕೊಳ್ತು. ಮಾತು ಹೋಗಿತ್ತಲ್ಲ, ನೋವಾದ್ರೂ ಹೇಳೋಕೆ ಆಗ್ತಿರ್ಲಿಲ್ಲ, ಕಣ್ಣಲ್ಲಿ ನೀರು ಬರ್ತಿತ್ತು. ಕಾಯಿಲೆಗೆ ಅಳ್ತಾರೆ ಅಂದ್ಕೊಂಡಿದ್ದೆ. ಈ ಕೋಣೆಯಲ್ಲಿ ಟೀಚರ್ ಪಾಠ ಮಾಡೋದು ಕೇಳಿದ ಮೇಲೇ ಗೊತ್ತಾಗಿದ್ದು, ತೋಳು ಹಿಡಿದು ಎಳೀಬಾರದು ಅಂತ." ಅವರು ಇದನ್ನು ಕಣ್ಣೊರೆಸಿಕೊಳ್ಳದೆ ಹೇಳುತ್ತಾರೆ. ಹೇಳಿ, ಮಂಚದ ಹೊದಿಕೆಯ ಸುಕ್ಕು ಎಳೆದು ಸರಿಮಾಡುತ್ತಾರೆ.

ಪೇಷಂಟಮ್ಮ ಮಗಳ ಜೊತೆ ಇರುತ್ತಾರೆ. ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಸೈಕಲ್ ರಿಪೇರಿ ಅಂಗಡಿ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಮಾತು ಚುರುಕು, ಅಮ್ಮನ ಕೆಲಸದ ಬಗ್ಗೆ ಅವಳಿಗೆ ಮೊದಲಿನಿಂದಲೂ ಸಮಾಧಾನವಿಲ್ಲ. "ಅಮ್ಮ ಏನು ಕೆಲಸ ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಬೇಕು ಹೇಳಿ. ಮಲಗ್ತಾರೆ ಅನ್ಲಾ?" ಎಂದು, ಅಮ್ಮನ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾಳೆ. ಗಂಡಸರು ಎತ್ತುವಾಗ ಟೀಚರ್ ಪಕ್ಕದಲ್ಲೇ ನಿಂತಿರಬೇಕು ಎನ್ನುವ ಷರತ್ತು ಹಾಕಿಸಿದವಳು ಅವಳೇ.

ಹೋದ ವರ್ಷ ಟೀಚರ್ ಪಕ್ಕದಲ್ಲೇ ನಿಂತಿದ್ದರು. ಆದರೂ ಆಗುವುದು ಆಯಿತು.

ಆ ಬ್ಯಾಚಿನಲ್ಲಿ ಒಬ್ಬರಿದ್ದರು. ವಯಸ್ಸು ನಲವತ್ತು ದಾಟಿತ್ತು. ಹುಡುಗನಾಗಿದ್ದಾಗಿನಿಂದ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು. ಲಾರಿಯಿಂದ ಸರಕು ಇಳಿಸಲು ಯಂತ್ರ ಬಂದ ಮೇಲೆ ಕೆಲಸ ಕಡಿಮೆಯಾಗಿ, ವೃದ್ಧಾಶ್ರಮದಲ್ಲಿ ಗಟ್ಟಿ ಆಳು ಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ ಕೋರ್ಸಿಗೆ ಸೇರಿದ್ದರು. ಸಹಪಾಠಿಗಳು ಅವರನ್ನು ಮೂಟೆಯಣ್ಣ ಎನ್ನುತ್ತಿದ್ದರು. ಮೊದಲ ದಿನ ಪೇಷಂಟಮ್ಮನನ್ನು ಒಂದೇ ಉಸಿರಿಗೆ ಮಂಚದಿಂದ ಎತ್ತಿ ಹೆಗಲ ಮೇಲೆ ಹಾಕಿಕೊಳ್ಳಲು ಹೋದರಂತೆ. "ಅಯ್ಯೋ ಇಳಿಸ್ರೀ, ಗೋದಾಮಿಗೆ ತಗೊಂಡು ಹೋಗ್ತಿದೀರಾ!" ಎಂದು ಇವರು ಕಿರುಚಿದ್ದು ವೈರಿಂಗ್ ಕ್ಲಾಸಿಗೂ ಕೇಳಿಸಿತ್ತು. ಆಮೇಲೆ ನಿಧಾನವಾಗಿ ಕಲಿತರು. ಹೇಳಿ ಮುಟ್ಟುವುದು, ಮೊಣಕಾಲು ಬಗ್ಗಿಸಿ ಎತ್ತುವುದು, ಅವಸರ ಮಾಡದೆ ಕೂರಿಸುವುದು.

ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಮಂಚದಿಂದ ಗಾಲಿಕುರ್ಚಿಗೆ ಕೂರಿಸಬೇಕು. ಮೂಟೆಯಣ್ಣ ಎಲ್ಲವನ್ನೂ ಸರಿಯಾಗಿ ಹೇಳಿದರು, ಸರಿಯಾಗಿ ಎತ್ತಿದರು. ಕುರ್ಚಿಯ ಎರಡು ಬ್ರೇಕುಗಳಲ್ಲಿ ಒಂದನ್ನು ಮಾತ್ರ ಹಾಕಿದ್ದರು. ಪೇಷಂಟಮ್ಮನ ಭಾರ ಬಿದ್ದದ್ದೇ ಕುರ್ಚಿ ಗರಕ್ಕನೆ ತಿರುಗಿತು. ಅವರು ನೆಲಕ್ಕೆ ಬಿದ್ದರು. ಎಡಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು.

"ಟಕ್ ಅಂತ ಸದ್ದು ಬಂತು. ಬಾಯಿಂದ ಮೊದಲು ಬಂದಿದ್ದು ಒಂದು ಬೈಗುಳ. ಅದನ್ನ ನೀವು ಬರೀಬೇಡಿ."

ಮಣಿಕಟ್ಟು ಮುರಿದಿತ್ತು. ಆರು ವಾರದ ಪ್ಲಾಸ್ಟರ್. ಪರೀಕ್ಷೆಯಲ್ಲಿ ಮೂಟೆಯಣ್ಣ ಫೇಲಾದರು. ಆಡಳಿತ ಮಂಡಳಿ ಸಭೆ ಸೇರಿ, ಇನ್ನು ಮೇಲೆ ಜೀವಂತ ಮನುಷ್ಯರನ್ನು ಎತ್ತುವ ಅಭ್ಯಾಸ ಬೇಡ ಎಂದು ತೀರ್ಮಾನಿಸಿ ರಬ್ಬರಿನ ದೊಡ್ಡ ಗೊಂಬೆಯೊಂದನ್ನು ತರಿಸಿತು. ಆಸ್ಪತ್ರೆಯಿಂದ ಅಮ್ಮನನ್ನು ಕರೆದುಕೊಂಡು ಬಂದ ಮಗಳು ಬಾಗಿಲು ಹಾಕಿ ಹೇಳಿದ್ದು ಒಂದೇ ಮಾತು: "ಸಾಕಮ್ಮ. ನೀನೇನು ಗೋಣಿಚೀಲಾನಾ?"

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಮೂಟೆಯಣ್ಣ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಚೀಲ ಕಿತ್ತಳೆ. ಬಾಗಿಲು ತೆರೆದ ಮಗಳು ಅವರಿಗೆ ಅಡ್ಡ ನಿಂತಳು.

"ನೋಡೋಕೆ ಬಂದ್ರಾ? ನೋಡಿ. ಒಂದೇ ಕೈಯಲ್ಲಿ ಜಡೆ ಹಾಕ್ಕೊಳೋಕೂ ಆಗ್ತಿಲ್ಲ ಅವರಿಗೆ."

"ಇಲ್ಲಮ್ಮ, ಒಳಗೆ ಬರಲ್ಲ. ಇದನ್ನ ಕೊಟ್ಟು ಹೋಗೋಣ ಅಂತ..." ಎಂದವರು ಚೀಲವನ್ನು ಹೊಸ್ತಿಲ ಪಕ್ಕ ಇಟ್ಟರು.

ಒಳಗಿನಿಂದ ಪೇಷಂಟಮ್ಮ ಕರೆದರು. ಅವರು ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮೂಟೆಯಣ್ಣ ಹೇಳಿದರು, "ನಾನು ಮಾರ್ಕೆಟ್ಟಿಗೇ ವಾಪಸ್ ಹೋಗ್ತೀನಮ್ಮ. ಮೂಟೆ ಕೈಜಾರಿ ಬಿದ್ರೆ ಮೂಟೆಗೆ ನೋವಾಗಲ್ಲ."

ಪೇಷಂಟಮ್ಮನಿಗೆ ಆಗ ಕನಿಕರ ಬರಲಿಲ್ಲ, ಸಿಟ್ಟು ಬಂತು. ಅದನ್ನು ಅವರು ಮುಚ್ಚಿಡುವುದಿಲ್ಲ. "ಬ್ರೇಕ್ ಹಾಕ್ಲಿಲ್ಲ ನೀವು. ತಪ್ಪು ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ ಅಂದೆ. ಆದ್ರೆ ಇಷ್ಟು ದಿನ ನನ್ನ ಸೊಂಟ ನೋಯಿಸಿ ಕಲ್ತಿದ್ದನ್ನೆಲ್ಲ ಮಾರ್ಕೆಟ್ಟಲ್ಲಿ ಹಾಕಿ ಬರ್ತೀರಾ ಅಂತ ಕೇಳಿದೆ. ತಲೆ ಬಗ್ಗಿಸ್ಕೊಂಡು ಎದ್ದು ಹೋದ್ರು."

ಮರುಪರೀಕ್ಷೆಗೆ ಅವಕಾಶವಿತ್ತು. ಟೀಚರ್ ಹೋಗಿ ಮಾತಾಡಿ ಅವರನ್ನು ಮತ್ತೆ ತರಗತಿಗೆ ಕರೆತಂದರು. ಗೊಂಬೆಯ ಮೇಲೆ ಅವರ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ. ಆದರೆ ತರಗತಿಯ ಸಹಪಾಠಿಯೊಬ್ಬನನ್ನು ಹಿಡಿದು ನಡೆಸಲು ಹೇಳಿದರೆ ಚಾಚಿದ ಕೈ ಹಿಂದಕ್ಕೆ ತೆಗೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅವರನ್ನು ನಂಬಿ ಎತ್ತಿಸಿಕೊಳ್ಳಲು ತರಗತಿಯಲ್ಲೂ ಯಾರೂ ಮುಂದೆ ಬರಲಿಲ್ಲ. ಗೊಂಬೆಯ ಮೇಲೆ ಪಾಸು ಮಾಡಿ ಕಳಿಸಿಬಿಡಿ ಎಂದಿತು ಕಚೇರಿ. ಟೀಚರ್ ಒಪ್ಪಲಿಲ್ಲ.

ವಿಷಯ ಪೇಷಂಟಮ್ಮನ ಕಿವಿಗೆ ಬಿದ್ದಾಗ ಪ್ಲಾಸ್ಟರ್ ತೆಗೆದು ಹೆಚ್ಚು ದಿನವಾಗಿರಲಿಲ್ಲ. ಕೈ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಅವರು ನೇರ ಪ್ರಾಂಶುಪಾಲರ ಕೋಣೆಗೆ ಹೋದರು.

"ನನ್ನನ್ನೇ ಎತ್ಲಿ ಸಾರ್ ಅಂದೆ. ಅದಕ್ಕೆ ಅವರು, ಗೊಂಬೆ ಇದೆಯಲ್ಲಮ್ಮ, ಅಷ್ಟು ದುಡ್ಡು ಕೊಟ್ಟು ತಂದಿದೀವಿ ಅಂದ್ರು. ಗೊಂಬೆಗೆ ಭಯ ಆಗಲ್ಲವಲ್ಲ ಸಾರ್, ಭಯಪಡೋರನ್ನ ಎತ್ತೋದು ಇವರು ಎಲ್ಲಿ ಕಲೀಬೇಕು ಅಂದೆ. ಯೋಚನೆ ಮಾಡ್ತೀನಿ ಅಂದ್ರು. ಮೂರು ದಿನ ಯೋಚನೆ ಮಾಡಿ ಒಪ್ಪಿದ್ರು."

ಮನೆಯಲ್ಲಿ ಯೋಚನೆಗೆ ಜಾಗವಿರಲಿಲ್ಲ. ಮಗಳು ಊಟ ಬಿಟ್ಟು ಎದ್ದಳು. "ಕೆಡವಿದವನ ಕೈಗೇ ಮತ್ತೆ ಹೋಗ್ತೀನಿ ಅಂತೀಯಲ್ಲ, ನಿಂಗೇನಾದ್ರೂ ತಲೆ ಕೆಟ್ಟಿದೆಯಾ?" ಎಂದು ಕೂಗಾಡಿದಳು. ಅಮ್ಮ ಆ ರಾತ್ರಿ ಅವಳಿಗೆ ಅಪ್ಪನ ಹೆಗಲಿನ ಕಥೆ ಹೇಳಿದರು. ಅಪ್ಪ ತೀರಿಕೊಂಡಾಗ ಮಗಳಿಗೆ ಒಂಬತ್ತು ವರ್ಷ. ಹೆಗಲು ಯಾಕೆ ಊದಿತ್ತು ಎನ್ನುವುದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಬೆಳಿಗ್ಗೆ ಎದ್ದು ಅಂಗಡಿಗೆ ಫೋನ್ ಮಾಡಿ ಪರೀಕ್ಷೆಯ ದಿನಕ್ಕೆ ರಜೆ ಹಾಕಿದಳು. "ನಾನೂ ಬರ್ತೀನಿ. ಕುರ್ಚಿ ಪಕ್ಕದಲ್ಲಿ ನಾನು ನಿಲ್ಲಬೇಕು. ಇಲ್ಲಾಂದ್ರೆ ಇಲ್ಲ."

ಪರೀಕ್ಷೆಯ ದಿನ ಕೋಣೆಯಲ್ಲಿದ್ದವರು ಐದೇ ಮಂದಿ. ಪೇಷಂಟಮ್ಮ ಮಂಚದ ಮೇಲೆ ಮಲಗಿದರು. ಮೂಟೆಯಣ್ಣ ಬಂದು ನಮಸ್ಕಾರ ಹೇಳಿದರು. ಗಾಲಿಕುರ್ಚಿ ತಂದು ನಿಲ್ಲಿಸಿ ಒಂದು ಬ್ರೇಕ್ ಹಾಕಿದರು, ಸುತ್ತಿ ಬಂದು ಇನ್ನೊಂದು ಹಾಕಿದರು, ಕುರ್ಚಿಯನ್ನು ಹಿಡಿದು ಅಲ್ಲಾಡಿಸಿದರು. ಮಗಳೂ ಬಗ್ಗಿ ಅಲ್ಲಾಡಿಸಿ ನೋಡಿದಳು. ಯಾರೂ ಬೇಡವೆನ್ನಲಿಲ್ಲ.

"ಅಮ್ಮಾ, ಈಗ ನಿಮ್ಮ ಬೆನ್ನ ಹಿಂದೆ ಕೈ ಇಡ್ತೀನಿ," ಎಂದರು ಮೂಟೆಯಣ್ಣ. ಇಟ್ಟರು. ಪೇಷಂಟಮ್ಮನ ಮೈ ಬಿಗಿದುಕೊಂಡಿತು.

"ಅಷ್ಟು ವರ್ಷ ಮೈ ಬಿಟ್ಟು ಮಲಗಿದೋಳು ನಾನು. ಅವತ್ತು ಮೈ ನನ್ನ ಮಾತೇ ಕೇಳ್ಲಿಲ್ಲ. ಹಲ್ಲು ಕಚ್ಕೊಂಡಿದ್ದೆ. ಧೈರ್ಯ ಮಾಡಿ ಬಂದಿದ್ದೇನೋ ಹೌದು, ಆ ಕೈ ತಗುಲಿದ ತಕ್ಷಣ ಎಲ್ಲಾ ಇಳಿದುಹೋಯ್ತು."

ಮೂಟೆಯಣ್ಣನಿಗೆ ಅದು ಕೈಗೆ ತಿಳಿಯಿತು. ಎತ್ತಲಿಲ್ಲ. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ಮಂಚದ ಪಕ್ಕದಲ್ಲಿ ಮೊಣಕಾಲೂರಿ ಅವರ ಮುಖದ ಮಟ್ಟಕ್ಕೆ ಬಂದರು.

"ಭಯ ಆಗ್ತಿದೆಯಾ ಅಮ್ಮ?"

"ಹ್ಞೂಂ."

"ನಂಗೂ."

ಪರೀಕ್ಷಕರು ಗಡಿಯಾರ ನೋಡಿದರು. ಟೀಚರ್ ಸುಮ್ಮನಿರಿ ಎಂಬಂತೆ ಕೈ ತೋರಿಸಿದರು. ಮೂಟೆಯಣ್ಣ ಅಲ್ಲೇ ಕೂತಿದ್ದರು. ಧೈರ್ಯ ತುಂಬಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೇಷಂಟಮ್ಮ ಮೈ ಸಡಿಲ ಬಿಟ್ಟರು. ಮುರಿದಿದ್ದ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡರು.

"ಈಗ ಎತ್ತಿ."

ಎತ್ತಿದರು, ತಿರುಗಿಸಿದರು, ಕೂರಿಸಿದರು. ಕುರ್ಚಿ ಕದಲಲಿಲ್ಲ. ಆಮೇಲೆ ಮತ್ತೆ ಕೆಳಗೆ ಕೂತು, ಮಂಚದಡಿಯಿಂದ ಚಪ್ಪಲಿ ತೆಗೆದು ಪೇಷಂಟಮ್ಮನ ಕಾಲಿಗೆ ಒಂದೊಂದಾಗಿ ಹಾಕಿದರು. ಅದು ಪರೀಕ್ಷೆಯಲ್ಲಿ ಇರಲಿಲ್ಲ.

ಮಗಳು ಕುರ್ಚಿಯ ಹಿಡಿಯಿಂದ ಕೈ ತೆಗೆದದ್ದು ಆಮೇಲೆಯೇ. ಮನೆಗೆ ಹೋಗುವ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟು: "ಅಪ್ಪನಿಗೂ ಯಾರಾದ್ರೂ ಹೀಗೆ ಬಂದಿದ್ರೆ ಚೆನ್ನಾಗಿರ್ತಿತ್ತು."

ಮೂಟೆಯಣ್ಣ ಈಗ ಊರಂಚಿನ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದಾರೆ. ಫೋನಿನಲ್ಲಿ ಮಾತಾಡಿದಾಗ ಅವಸರದಲ್ಲಿದ್ದರು. ಅಲ್ಲಿನ ಅಜ್ಜರೊಬ್ಬರನ್ನು ಬಿಸಿಲಿಗೆ ಕರೆದೊಯ್ಯುವ ಹೊತ್ತು. "ಬ್ರೇಕ್ ಹಾಕಿದ ಮೇಲೂ ಚಕ್ರಕ್ಕೆ ನನ್ನ ಕಾಲು ಒತ್ತಿ ಹಿಡೀತೀನಿ ಸಾರ್. ಅಜ್ಜ ನಗ್ತಾರೆ, ಎಷ್ಟು ಸಲ ನೋಡ್ತೀಯೋ ಅಂತ," ಎಂದಷ್ಟೇ ಹೇಳಿ ಇಟ್ಟರು.

ಕಾಲೇಜು ಒಂದು ನಿಯಮ ತಂದಿದೆ. ಮೊದಲ ವಾರ ಗೊಂಬೆ, ಎರಡನೇ ವಾರದಿಂದ ಪೇಷಂಟಮ್ಮ, ನೆಲದ ಮೇಲೆ ದಪ್ಪ ಹಾಸು. ಗೊಂಬೆಯೊಂದಿಗೆ ಅವರಿಗೆ ಜಗಳವೇನಿಲ್ಲ. "ಪಾಪ, ಅದಕ್ಕೆ ಶನಿವಾರ ಸ್ನಾನ ಮಾಡಿಸೋಳೂ ನಾನೇ," ಎನ್ನುತ್ತಾರೆ. ಮಗಳಿಗೆ ಈ ಕೆಲಸ ಇಂದಿಗೂ ಇಷ್ಟವಿಲ್ಲ. ಆದರೆ ಅಂಗಡಿಯಲ್ಲಿ ಯಾರಾದರೂ ಕೇಳಿದರೆ "ಅಮ್ಮ ಕಾಲೇಜಲ್ಲಿದ್ದಾರೆ, ನರ್ಸಿಂಗ್ ಕಡೆ" ಎನ್ನುತ್ತಾಳಂತೆ. ಇದನ್ನು ಹೇಳುವಾಗ ಪೇಷಂಟಮ್ಮನಿಗೆ ನಗು ತಡೆಯುವುದಿಲ್ಲ.

ಮಧ್ಯಾಹ್ನ ಅವರ ಜೊತೆ ಮಹಡಿ ಹತ್ತುತ್ತೇನೆ. ಚಿತ್ರಕಲೆಯ ಕೋಣೆಯಲ್ಲಿ ಅವರು ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಎಡ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ. ಹೊಸ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದನ್ನು ನೆಟ್ಟಗೆ ಬರೆಯುತ್ತಾರೆ, ಸೌಜನ್ಯಕ್ಕೋ ಅಭ್ಯಾಸಕ್ಕೋ. ಮೇಷ್ಟ್ರು ಒಬ್ಬೊಬ್ಬರ ಹಿಂದೆ ನಿಂತು, "ಕಾಣೋದನ್ನ ಬರೀರಿ" ಎಂದು ಅಳಿಸಲು ಹೇಳುತ್ತಾರೆ. ಪೇಷಂಟಮ್ಮ ಅಲುಗಾಡುವುದಿಲ್ಲ, ಕಣ್ಣು ಮಾತ್ರ ಕಿಟಕಿಯಾಚೆ.

ತರಗತಿ ಮುಗಿದು ಮೆಟ್ಟಿಲಿಳಿಯುವಾಗ, ಇನ್ನೆಷ್ಟು ದಿನ ಈ ಕೆಲಸ ಮಾಡುತ್ತೀರಿ, ಮುಂದೆ ಏನು ಆಸೆ ಎಂದು ಕೇಳುತ್ತೇನೆ. ಅವರು ಕಂಬಿ ಹಿಡಿದು ನಿಲ್ಲುತ್ತಾರೆ.

"ಒಂದಿನ ನಿಜವಾಗ್ಲೂ ಮಲಗ್ತೀನಲ್ಲ, ಎಲ್ಲರ ಹಾಗೆ. ಆಗ ನನ್ನನ್ನ ಎತ್ತೋಕೆ ಹೊಸದಾಗಿ ಸೇರಿದವರನ್ನೇ ಕಳಿಸಿ ಅಂತ ಟೀಚರಿಗೆ ಹೇಳಿಟ್ಟಿದೀನಿ. ಪಳಗಿದವರು ಬೇಡ. ಅವರು ಫೋನಲ್ಲಿ ಮಾತಾಡ್ಕೊಂಡೇ ಎತ್ತಿಬಿಡ್ತಾರೆ. ಹೊಸಬರಿಗೆ ಕೈ ನಡುಗ್ತಿರುತ್ತೆ ನೋಡಿ, ನನ್ನ ಮುಖ ನೋಡ್ಕೊಂಡು ಎತ್ತುತ್ತಾರೆ."